ಕೆರಾಡಿಯ ಹೊಳೆಯ ನೀರುವಂಜಿ

ದೆವ್ವ, ಪೀಡೆ, ಮಾಯೆ ಎಂಬ ಮಾತುಗಳನ್ನು ನಾನು ನಂಬಿದವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಹೊಟ್ಟೆ ಹೊರೆದವನು ನಾನು. ಯಾರಾದರೂ ಇಂಥ ಕಥೆ ಶುರುಮಾಡಿದರೆ ಸುಮ್ಮನೆ ಕೂತು ಕೇಳುವಷ್ಟು ಸೌಜನ್ಯವೂ ನನಗಿರಲಿಲ್ಲ. ಆಗ ಹೊತ್ತೆಷ್ಟು, ಜೊತೆಯಲ್ಲಿ ಯಾರಿದ್ದರು, ಅದಕ್ಕೆ ಮೊದಲು ಏನು ತಿಂದಿದ್ದಿರಿ ಎಂದು ಒಂದೊಂದೇ ಪ್ರಶ್ನೆ ಹಾಕಿ ಹೇಳುವವರ ಉತ್ಸಾಹವನ್ನು ಕೊಂದುಬಿಡುತ್ತಿದ್ದೆ. ಆದ್ದರಿಂದ ನನ್ನದೇ ಒಂದು ಅನುಭವವನ್ನು ಹೇಳಹೊರಟಾಗ ಆ ಪ್ರಶ್ನೆಗಳಿಗೆ ಮೊದಲು ನಾನೇ ಉತ್ತರ ಕೊಡಬೇಕಾದದ್ದು ನ್ಯಾಯ. ಹೊತ್ತು, ನಡು ಮಧ್ಯಾಹ್ನ. ಜೊತೆಯಲ್ಲಿ ಒಬ್ಬರಿದ್ದರು, ನನಗಿಂತ ಹೆಚ್ಚು ಕಾಡು ತಿಳಿದವರು, ಮದ್ಯ ಮುಟ್ಟದವರು. ತಿಂದದ್ದು ಅವಲಕ್ಕಿ ಬೆಲ್ಲ, ಅದೂ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿದ ಮೇಲೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು ಅವು. ನಾನು ಹಾಸನದ ಕಡೆಯವನು. ಕೆಲಸ ಸಿಕ್ಕಿತೆಂದು ಘಟ್ಟ ಇಳಿದು ಕುಂದಾಪುರಕ್ಕೆ ಬಂದಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಗಿಡಗಳ ರೆಂಬೆ ತಂದು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುವುದು ನನ್ನ ಹುಚ್ಚು. ನನ್ನ ಬಾಡಿಗೆ ಕೋಣೆಯಲ್ಲಿ ಹಾಸಿಗೆಗಿಂತ ಹೆಚ್ಚು ಜಾಗವನ್ನು ಆ ಕಾಗದದ ಕಟ್ಟುಗಳೇ ಹಿಡಿದಿದ್ದವು. ಮನೆಯ ಯಜಮಾನರು, ಮಾಷ್ಟ್ರು ಸೊಪ್ಪು ಒಣಗಿಸಿ ಏನು ಮಾಡುತ್ತಾರೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರಂತೆ.

ಮದರಾಸಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದ್ದ ಪ್ರೊಫೆಸರೊಬ್ಬರು ಆಗ ಹೊಳೆದಂಡೆಯ ಮರಗಳ ಪಟ್ಟಿಯೊಂದನ್ನು ಮಾಡುತ್ತಿದ್ದರು. ಅವರಿಂದ ಒಂದು ಕಾಗದ ಬಂತು. ನೀರುವಂಜಿ ಎಂಬ ಮರ ಘಟ್ಟದ ಮೇಲೆ ಹೊಳೆಗಳ ಪಕ್ಕದಲ್ಲಿ ಸಿಗುತ್ತದೆ, ಚಳಿದೇಶಗಳ ನದಿತೀರದಲ್ಲಿ ಜೋಲುವ ಮರಗಳ ಕುಲಕ್ಕೇ ಸೇರಿದ್ದು ಅದು, ನಿಮ್ಮ ತಾಲೂಕಿನ ಹೊಳೆಗಳಲ್ಲಿ ಇದೆಯೆಂದು ಕೆಲವರು ಹೇಳುತ್ತಾರೆ, ಆದರೆ ಹೂವೋ ಕಾಯೋ ಇರುವ ರೆಂಬೆಯನ್ನು ಯಾರೂ ಕಳಿಸಿಲ್ಲ, ನೋಡು, ಎಂದು ಬರೆದಿದ್ದರು. ಗುರುಗಳು ನನ್ನನ್ನು ನೆನಪಿಟ್ಟುಕೊಂಡಿದ್ದಾರೆ ಎಂಬ ಒಂದೇ ಸಂತೋಷಕ್ಕೆ ನಾನು ಹೊರಟುಬಿಟ್ಟೆ. ಎರಡು ಭಾನುವಾರ ಬ್ರಹ್ಮಾವರದ ಕಡೆಯಿಂದ ಸೀತಾ ಹೊಳೆಯ ಗುಂಟ ನಡೆದೆ. ಇನ್ನೊಂದು ರಜೆಯಲ್ಲಿ ಮರವಂತೆಗೆ ಹೋದೆ. ಅಲ್ಲಿ ಹೊಳೆಯ ನೀರು ಉಪ್ಪು, ದಂಡೆಯ ಗಿಡಗಳ ಜಾತಿಯೇ ಬೇರೆ. ಕೇಳಿದಲ್ಲೆಲ್ಲ ಜನ ಒಂದೇ ಗಿಡವನ್ನು ತೋರಿಸುತ್ತಿದ್ದರು. ಅದು ನೀರುಕಣಗಿಲೆ. ಹೊಳೆಯ ನಡುವೆ ಬಂಡೆಗಳ ಸಂದಿಯಲ್ಲಿ ಬೇರೂರಿ ಆಳೆತ್ತರಕ್ಕೆ ಬೆಳೆಯುವ ಪೊದೆ. ಎಲೆ ನೋಡಿದರೆ ಯಾರಿಗಾದರೂ ನೀರುವಂಜಿಯೆಂದೇ ಅನ್ನಿಸಬೇಕು. ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದು ಕೇವಲ ಪಟ್ಟಿಯ ವಿಷಯವಲ್ಲ ಎಂದು ನನಗೆ ಗೊತ್ತಾದದ್ದು ಸಿದ್ದಾಪುರದ ಪಂಡಿತರಿಂದ. ಐತಾಳರು ಎಂದು ಅವರ ಹೆಸರು. ಸಾಲಿಗ್ರಾಮದವರು, ಬಹಳ ವರ್ಷದಿಂದ ಸಿದ್ದಾಪುರದಲ್ಲಿ ನಾಟಿ ಔಷಧ ಕೊಡುತ್ತಿದ್ದರು. ಗಿಡ ಗುರುತಿಸುವ ಮಾಷ್ಟ್ರೊಬ್ಬರು ಇದ್ದಾರೆಂದು ಕೇಳಿ ನನ್ನನ್ನು ಹುಡುಕಿಕೊಂಡು ಕುಂದಾಪುರಕ್ಕೆ ಬಂದಿದ್ದರು. ಆ ವರ್ಷ ಒಳನಾಡಿನಲ್ಲೆಲ್ಲ ಚಳಿಜ್ವರ. ಯುದ್ಧದಿಂದಾಗಿ ಕ್ವಿನೈನ್ ಅಂಗಡಿಯಲ್ಲೂ ಇಲ್ಲ, ಆಸ್ಪತ್ರೆಯಲ್ಲೂ ಸಾಲದು. ಹಳೆಯ ಗ್ರಂಥಗಳಲ್ಲಿ ಜ್ವರಕ್ಕೆ ಜಲವೇತಸದ ತೊಗಟೆ ಎಂದು ಹೇಳಿದೆ, ಹಳ್ಳಿಯವರು ಅದೇ ಎಂದು ನೀರುಕಣಗಿಲೆಯ ಬೇರನ್ನು ತಂದುಕೊಡುತ್ತಾರೆ, ಅದನ್ನು ಕುಡಿದವರಿಗೆ ಜ್ವರ ಬಿಡುವ ಬದಲು ವಾಂತಿಯಾಗುತ್ತದೆ ಎಂದು ಅವರು ತುಂಬ ಸಂಕಟದಿಂದ ಹೇಳಿದರು. ಒಬ್ಬ ಹೆಂಗಸು ಅದರಿಂದ ಸಾಯುವ ಸ್ಥಿತಿಗೆ ಬಂದಿದ್ದಳಂತೆ. ಅಂದಿನಿಂದ ಅವರು ಆ ಔಷಧವನ್ನೇ ನಿಲ್ಲಿಸಿದ್ದರು. ನನ್ನ ಗುರುಗಳ ನೀರುವಂಜಿಯೂ ಅವರ ಜಲವೇತಸವೂ ಒಂದೇ ಮರ ಎಂದು ನಾನು ಹೇಳಿದಾಗ ಆ ಮುದುಕರು ನನ್ನ ಎರಡೂ ಕೈ ಹಿಡಿದುಕೊಂಡರು.

ಕ್ರಿಸ್‌ಮಸ್ ರಜೆಯಲ್ಲಿ ನಾನು ಸಿದ್ದಾಪುರಕ್ಕೆ ಹೊರಟೆ. ಪೆಟ್ರೋಲ್ ಇಲ್ಲದ ಕಾಲ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದಾಗ ಇಳಿಯಬೇಕು, ಕೆಲವೊಮ್ಮೆ ದೂಡಬೇಕು. ಮುಖವೆಲ್ಲ ಮಸಿ ಮಾಡಿಕೊಂಡು ಸಾಯಂಕಾಲ ಪಂಡಿತರ ಮನೆ ಸೇರಿದೆ. ಮರುದಿನಕ್ಕೆ ಅವರು ನನಗೆ ಜೊತೆ ಮಾಡಿಕೊಟ್ಟದ್ದು ಕುಷ್ಟಣ್ಣನನ್ನು. ಕೃಷ್ಣ ಎಂಬ ಹೆಸರು ಆ ಸೀಮೆಯ ಬಾಯಲ್ಲಿ ಕುಷ್ಟ ಆಗಿತ್ತು. ಐವತ್ತು ದಾಟಿದ ಒಣಕಲು ಮನುಷ್ಯ. ಇಪ್ಪತ್ತು ವರ್ಷ ಕಾಡಿನ ಗಾರ್ಡ್ ಆಗಿ ತಿರುಗಿದವರು. ಕಣ್ಣು ಮುಚ್ಚಿ ತೊಗಟೆ ಸವರಿ ಮರದ ಹೆಸರು ಹೇಳುತ್ತಾರೆ ಎಂದು ಪಂಡಿತರು ಹೊಗಳಿದರು. ದಾರಿಯಲ್ಲಿ ನಾನು ಪರೀಕ್ಷೆ ಮಾಡಿಯೂ ನೋಡಿದೆ. ಆರಕ್ಕೆ ಆರೂ ಸರಿ.

ಬೆಳಕು ಹರಿಯುವ ಹೊತ್ತಿಗೆ ಹೊರಟು ಕೆರಾಡಿಯ ಕಡೆಗೆ ನಡೆದೆವು. ಬಿಸಿಲೇರುವಾಗ ಊರಿನ ಗದ್ದೆಗಳು ಮುಗಿದು ಕಾಡಿನ ಅಂಚಿನಲ್ಲಿ ಹೊಳೆ ಸಿಕ್ಕಿತು. ಮಳೆಗಾಲದ ಕೆಂಪು ಇಳಿದು ನೀರು ಕನ್ನಡಿಯಂತಿತ್ತು. ಅದರ ಗುಂಟ ಮೇಲಕ್ಕೆ ಹೋದೆವು. ಎಲ್ಲಿ ನೋಡಿದರೂ ನೀರುಕಣಗಿಲೆಯೇ. ಕುಷ್ಟಣ್ಣ ಪ್ರತಿ ಪೊದೆಯ ಹತ್ತಿರವೂ ನಿಂತು ನನ್ನ ಮುಖ ನೋಡುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ಮುಂದೆ ನಡೆಯುತ್ತಿದ್ದೆವು. ನೆತ್ತಿಯ ಮೇಲೆ ಬಿಸಿಲು ಬಂದಾಗ, ಇನ್ನೊಂದು ತಿರುವು ನೋಡಿ ಹಿಂದಿರುಗೋಣ ಎಂದೆ.

ಆ ತಿರುವಿನಲ್ಲಿ ಹೊಳೆ ಬಲಕ್ಕೆ ಬಾಗುತ್ತದೆ. ಆನೆ ಮಲಗಿದಂಥ ಒಂದು ಕರಿಬಂಡೆ, ಅದರ ಪಕ್ಕದಲ್ಲಿ ಮರಳಿನ ದಿಬ್ಬ. ದಿಬ್ಬದ ಮೇಲೆ ಆ ಮರ ನಿಂತಿತ್ತು. ಕುಷ್ಟಣ್ಣ ನನ್ನ ಮುಂದಿದ್ದರು. ಅವರು ನಿಂತುಬಿಟ್ಟರು. ಹತ್ತಿರ ಹೋಗಿ ತೊಗಟೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದು, ತಿರುಗಿ ಹೇಳಿದರು.

"ಮಾಷ್ಟ್ರೆ, ಇದ್ ನಾ ಕಾಣದ್ ಮರ."

ಇಪ್ಪತ್ತು ವರ್ಷ ಕಾಡು ತಿರುಗಿದ ಮನುಷ್ಯನ ಬಾಯಿಂದ ಆ ಮಾತು ಬಂದಾಗಲೇ ನನಗೆ ಗೊತ್ತಾಯಿತು. ಆದರೂ ಒಂದೊಂದನ್ನೇ ನೋಡಿ ಬರೆದುಕೊಂಡೆ. ಕಾಂಡದ ತೊಗಟೆ ಉದ್ದುದ್ದಕ್ಕೆ ಆಳವಾಗಿ ಬಿರಿದಿತ್ತು. ಕಣಗಿಲೆಯಂತೆ ಉದ್ದನೆಯ ಎಲೆ, ಆದರೆ ಮೇಲ್ಗಡೆ ಹಸಿರು, ಕೆಳಗಡೆ ಬೂದಿ ಬಳಿದಂಥ ಬಿಳುಪು. ಅಂಚಿನಲ್ಲಿ ಬೆರಳಿಗೆ ತಾಗುವಷ್ಟು ಸಣ್ಣ ಹಲ್ಲು. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಇದು ಹೆಣ್ಣು. ರೆಂಬೆಯ ತುದಿಯಲ್ಲಿ ಜೋತ ಗೊಂಚಲುಗಳಲ್ಲಿ ಸಣ್ಣ ಕಾಯಿಗಳು. ಒಂದನ್ನು ಸೂಜಿಯಿಂದ ಬಿಡಿಸಿ ಭೂತಗನ್ನಡಿ ಹಿಡಿದೆ. ಒಳಗೆ ರೇಷ್ಮೆಯಂಥ ಕೂದಲು ಹೊದ್ದ ನಾಲ್ಕು ಬೀಜ, ನೀರುವಂಜಿಯ ಗುರುತೇ ಅದು. ಕುಷ್ಟಣ್ಣನಿಗೂ ತೋರಿಸಿದೆ. ಅವರು ಎರಡು ಸಲ ಎಣಿಸಿದರು. ಕೆಲವು ಕಾಯಿ ಆಗಲೇ ಒಡೆದು ಅರಳೆ ನೀರಿನ ಮೇಲೆ ಹಾರುತ್ತಿತ್ತು.

ನನ್ನ ಹತ್ತಿರ ಅಳತೆಯ ಪಟ್ಟಿ ಇರಲಿಲ್ಲ, ನೂಲಿತ್ತು. ಎದೆಯೆತ್ತರದಲ್ಲಿ ಕಾಂಡಕ್ಕೆ ನೂಲು ಸುತ್ತಿದೆವು. ಅದರ ಒಂದು ಭಾಗವನ್ನು ಕುಷ್ಟಣ್ಣ ಮರದ ಹಿಂದೆ ನಿಂತು ಜಾರದಂತೆ ಹಿಡಿದುಕೊಂಡರು. ಸುತ್ತು ಕೂಡಿದಲ್ಲಿ ನೂಲನ್ನು ಕತ್ತರಿಸಿ ಪುಸ್ತಕದಲ್ಲಿ ಇಟ್ಟೆ. ನಾಲ್ಕು ರೆಂಬೆ ಕೊಯ್ದು ಕಾಗದಗಳ ನಡುವೆ ಹಾಕಿದೆ. ಚೀಲವನ್ನು ಕೈಗೆಟುಕುವ ಒಂದು ಕೊಂಬೆಗೆ ತೂಗುಹಾಕಿ, ಪಂಡಿತರಿಗೆಂದು ಚೂರಿಯಿಂದ ತೊಗಟೆ ಎಬ್ಬಿಸತೊಡಗಿದೆ.

ಆಗ ಒಬ್ಬ ಹೆಂಗಸು ಎಮ್ಮೆ ಹೊಡೆದುಕೊಂಡು ಹೊಳೆಗೆ ಬಂದಳು. ಎಮ್ಮೆಯನ್ನು ನೀರಿಗೆ ಬಿಟ್ಟು ಸ್ವಲ್ಪ ದೂರದಲ್ಲಿ ನಿಂತು ನಮ್ಮನ್ನೇ ನೋಡತೊಡಗಿದಳು. ಅರವತ್ತರ ಹತ್ತಿರದ ವಯಸ್ಸು. ಸೂರಕ್ಕ ಎಂದು ಹೆಸರೆಂದು ಮಾತಿನಲ್ಲಿ ತಿಳಿಯಿತು.

"ಹ್ವಾಯ್, ಎಂತ ಮಾಡ್ತಿದ್ರಿ ನೀವು?" ಎಂದಳು.

ಚಳಿಜ್ವರಕ್ಕೆ ಮದ್ದು ಎಂದು ಕುಷ್ಟಣ್ಣ ಹೇಳಿದರು. ಅವಳ ಮುಖವೇ ಬದಲಾಯಿತು. ಮಗಳು ಗಿರಿಜೆಗೆ ಹದಿನೈದು ದಿನದಿಂದ ಅದೇ ಜ್ವರ, ದಿನ ಬಿಟ್ಟು ದಿನ ನಡುಕ ಬರುತ್ತದೆ, ಸಿದ್ದಾಪುರದವರೆಗೆ ಹೊತ್ತುಕೊಂಡು ಹೋಗಲು ಮನೆಯಲ್ಲಿ ಗಂಡಸರಿಲ್ಲ ಎಂದಳು. ಬಿಸಿಲಲ್ಲಿ ನಿಂತು ಯಾಕೆ ಮಾತಾಡುತ್ತೀರಿ, ಇಲ್ಲಿ ನೆರಳಿಗೆ ಬನ್ನಿ ಎಂದು ನಾನು ಕರೆದೆ. ಅವಳು ನನ್ನನ್ನು ಒಂದು ತರಹ ನೋಡಿ, ಬೇಡ, ಇಲ್ಲೇ ಸಾಕು ಎಂದಳು. ಪರವೂರಿನ ಗಂಡಸರೆಂದು ಸಂಕೋಚವಿರಬೇಕು ಎಂದುಕೊಂಡೆ. ಎಬ್ಬಿಸಿದ ತೊಗಟೆಯಲ್ಲಿ ಅರ್ಧದಷ್ಟನ್ನು ನಾನೇ ಹೋಗಿ ಅವಳ ಕೈಗೆ ಕೊಟ್ಟೆ. ಎಷ್ಟು ನೀರಿಗೆ ಎಷ್ಟು, ಎಷ್ಟು ಬತ್ತಿಸಬೇಕು ಎಂದು ಪಂಡಿತರು ಹೇಳಿದ್ದನ್ನು ಕುಷ್ಟಣ್ಣ ಎರಡೆರಡು ಸಲ ಹೇಳಿದರು. ಅವಳು ಸೆರಗಿನಲ್ಲಿ ಕಟ್ಟಿಕೊಂಡು, ಎಮ್ಮೆಯನ್ನು ಎಬ್ಬಿಸಿಕೊಂಡು ಹೋದಳು. ಮನೆ ಎಲ್ಲಿ ಎಂದು ಕೈ ತೋರಿಸಿ ಹೇಳಿದ್ದಳು.

ಆಮೇಲೆ ನಾವು ಮರದ ಬುಡದಲ್ಲಿ ಕೂತು, ಬಾಳೆಎಲೆಯಲ್ಲಿ ಕಟ್ಟಿ ತಂದ ಅವಲಕ್ಕಿಯನ್ನು ಬಿಚ್ಚಿ ತಿಂದೆವು. ಕುಷ್ಟಣ್ಣ ಅಲ್ಲೇ ಒರಗಿ ಕಣ್ಣು ಮುಚ್ಚಿದರು. ನಾನು ನಿದ್ದೆ ಮಾಡಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬೆನ್ನಿಗೆ ಒರಟು ತೊಗಟೆ ತಾಗುತ್ತಿತ್ತು. ಗಾಳಿ ಬಂದಾಗ ಎಲೆಗಳು ಒಮ್ಮೆ ಹಸಿರಾಗಿ ಒಮ್ಮೆ ಬೆಳ್ಳಗಾಗಿ ಕಾಣುತ್ತಿದ್ದವು. ಹುಡುಕಿದ್ದು ಸಿಕ್ಕಿದೆ, ಗುರುಗಳಿಗೆ ಬರೆಯುವುದಕ್ಕೆ ಸುದ್ದಿಯಿದೆ, ಯಾರದೋ ಮಗಳಿಗೆ ಔಷಧ ಹೋಗಿದೆ. ಅಂಥ ನೆಮ್ಮದಿಯ ಮಧ್ಯಾಹ್ನ ನನ್ನ ಬಾಳಿನಲ್ಲಿ ಹೆಚ್ಚು ಬಂದಿಲ್ಲ. ಆ ನೆಮ್ಮದಿಯನ್ನು ಮುಂದೆ ನಡೆದದ್ದೂ ಕಸಿದುಕೊಳ್ಳಲಿಲ್ಲ.

ರೆಂಬೆಗಳು ಚೆನ್ನಾಗಿ ಒಣಗಿದವು. ಮೂರನ್ನು ಮದರಾಸಿಗೆ ಕಳಿಸಿ ಒಂದನ್ನು ನಾನಿಟ್ಟುಕೊಂಡೆ. ಪ್ರೊಫೆಸರರ ಉತ್ತರ ಬಂತು. ಸಂದೇಹವೇ ಇಲ್ಲ, ಇದು ಅದೇ, ಬೀಜ ಕೂಡ ನಾಲ್ಕೇ, ಸಾಧ್ಯವಾದರೆ ಹತ್ತಿರದಲ್ಲಿ ಗಂಡು ಮರವಿದೆಯೇ ನೋಡು, ಬೇಸಗೆಯಲ್ಲಿ ನಾನೇ ಬಂದು ಮರವನ್ನು ನೋಡುತ್ತೇನೆ ಎಂದಿದ್ದರು. ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಅತ್ತ ಪಂಡಿತರು ನಾನು ಕೊಟ್ಟ ತೊಗಟೆಯನ್ನು ಇಬ್ಬರು ಮೂವರಿಗೆ ಕೊಟ್ಟು ನೋಡಿದ್ದರು. ಜ್ವರದ ತಾಪ ಇಳಿಯುತ್ತದೆ, ವಾಂತಿಯಿಲ್ಲ, ಇನ್ನಷ್ಟು ಬೇಕು ಎಂದು ಹೇಳಿಕಳಿಸಿದರು. ಮಾಘದಲ್ಲಿ ಎರಡು ದಿನ ರಜೆ ಸಿಕ್ಕಿದಾಗ ಮತ್ತೆ ಹೊರಟೆ. ಈ ಸಲ ಪಂಡಿತರೂ ಬಂದರು. ಮರವನ್ನು ಕಣ್ಣಾರೆ ನೋಡಬೇಕು ಎಂದು ಅವರ ಹಟ.

ಅದೇ ದಾರಿ, ಅದೇ ಹೊಳೆ. ಕುಷ್ಟಣ್ಣ ಮುಂದೆ, ನಡುವೆ ಪಂಡಿತರು, ಹಿಂದೆ ನಾನು. ತಿರುವಿಗೆ ಬಂದೆವು. ಆನೆಯಂಥ ಬಂಡೆ ಅಲ್ಲೇ ಇತ್ತು. ಮರಳಿನ ದಿಬ್ಬವೂ ಇತ್ತು. ಮರ ಇರಲಿಲ್ಲ.

ಕಡಿದಿದ್ದಾರೆ ಎಂದು ಮೊದಲು ಅನ್ನಿಸಿತು. ಆದರೆ ಬುಡವಿಲ್ಲ, ಬೇರಿಲ್ಲ, ಕಿತ್ತ ಗುಂಡಿಯಿಲ್ಲ, ಎಳೆದೊಯ್ದ ಗುರುತಿಲ್ಲ, ಉದುರಿದ ಒಂದು ಎಲೆಯೂ ಇಲ್ಲ. ಹಳೆಯ ಗಟ್ಟಿ ಮರಳು, ಅಲ್ಲಲ್ಲಿ ಹುಲ್ಲು. ಪ್ರವಾಹದ ಕಾಲವಲ್ಲ, ಆ ಒಂದೂವರೆ ತಿಂಗಳಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಜಾಗ ತಪ್ಪಿರಬೇಕು ಎಂದು ಮೇಲಕ್ಕೂ ಕೆಳಕ್ಕೂ ಒಂದೊಂದು ಮೈಲಿ ನಡೆದು ಬಂದೆ. ಹಿಂದಿರುಗಿದಾಗ ಕುಷ್ಟಣ್ಣ ದಿಬ್ಬದ ಮೇಲೆ ಬಗ್ಗಿ ಏನನ್ನೋ ನೋಡುತ್ತಿದ್ದರು. ಒಣಗಿ ಸುರುಟಿದ ಬಾಳೆಎಲೆ, ಅದನ್ನು ಕಟ್ಟಿದ್ದ ಬಾಳೆಯ ನಾರು. ಆ ಗಂಟು ತಾನೇ ಹಾಕಿದ್ದು ಎಂದರು. ಅಂದರೆ ನಾವು ಕೂತು ಉಂಡ ಜಾಗ ಅದೇ. ಬೆನ್ನು ಒರಗಿಸಿದ್ದ ಮರ ಮಾತ್ರ ಇಲ್ಲ.

ಕುಷ್ಟಣ್ಣ ನನ್ನ ಪುಸ್ತಕದಿಂದ ಆ ನೂಲನ್ನು ಕೇಳಿ ತೆಗೆದುಕೊಂಡು, ತುದಿಗೆ ತುದಿ ಸೇರಿಸಿ ಮರಳಿನ ಮೇಲೆ ವೃತ್ತವಾಗಿ ಇಟ್ಟರು. ಅಷ್ಟು ದಪ್ಪದ ಮರ. ಮೂವರೂ ಸುಡುವ ಬಿಸಿಲಿನಲ್ಲಿ ಆ ನೂಲಿನ ವೃತ್ತವನ್ನು ನೋಡುತ್ತ ನಿಂತೆವು.  ಕೊನೆಗೆ ಪಂಡಿತರೇ, ಆ ಹೆಂಗಸಿನ ಮನೆಗೆ ಹೋಗಿ ಕೇಳೋಣ ಎಂದರು. ಅವರ ದನಿಯಲ್ಲಿ ನನ್ನ ಮೇಲೆ ಸಂಶಯವಿತ್ತೋ ಇಲ್ಲವೋ ತಿಳಿಯದು. ನನಗೇ ನನ್ನ ಮೇಲೆ ಸಂಶಯ ಬರತೊಡಗಿತ್ತು.

ಸೂರಕ್ಕನ ಮನೆ ಹೊಳೆಯಿಂದ ಅರ್ಧ ಮೈಲಿ. ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದ ಯುವತಿ ಒನಕೆ ಬಿಟ್ಟು ಒಳಗೆ ಓಡಿದಳು. ಅವಳೇ ಗಿರಿಜೆ. ಸೂರಕ್ಕ ಹೊರಗೆ ಬಂದು ನಮ್ಮನ್ನು ನೋಡಿ ಎಷ್ಟು ಉಪಚಾರ ಮಾಡಿದಳು ಎಂದರೆ, ಬಂದ ಕೆಲಸ ಹೇಳುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮೂರು ಸಲ ಕಷಾಯ ಕುಡಿದದ್ದರಲ್ಲಿ ಮಗಳು ಎದ್ದು ಕೂತಳು, ಈಗ ಮನೆಗೆಲಸವೆಲ್ಲ ಅವಳದ್ದೇ ಎಂದು ಹೇಳಿದಳು. ಆ ಮಾತು ಕೇಳಿ ಪಂಡಿತರ ಕಣ್ಣು ಒದ್ದೆಯಾಯಿತು. ನಾನು ತಡೆಯಲಾರದೆ, ಆ ಮರ ಏನಾಯಿತು ಸೂರಕ್ಕ, ಯಾರು ಕಡಿದರು ಎಂದು ಕೇಳಿದೆ.

"ಮರ್ವಾ? ಅಲ್ಲಿ ಎಲ್ಲಿತ್ತ್ ಮರ?" ಎಂದಳು.

ಆ ಸೀಮೆಯ ಮಾತಿನಲ್ಲಿ 'ಇತ್ತ್' ಎಂದರೆ ಈಗ ಇದೆ ಎಂದರ್ಥ. ಹೊಸದರಲ್ಲಿ ಈ ಒಂದು ಶಬ್ದದಿಂದ ನಾನು ಬಹಳ ಪೇಚಾಡಿದ್ದೆ. ಹಾಗಾಗಿ, ಅವಳು ಈಗಿನ ಮಾತು ಹೇಳುತ್ತಿದ್ದಾಳೆ, ಅಂದು ಇದ್ದದ್ದನ್ನು ಇಲ್ಲವೆನ್ನುತ್ತಿಲ್ಲ ಎಂದುಕೊಂಡು, ಕುಷ್ಟಣ್ಣನಿಂದ ಬಿಡಿಸಿ ಕೇಳಿಸಿದೆ. ಅಂದು, ನೀವು ಎಮ್ಮೆ ಹೊಡೆದುಕೊಂಡು ಬಂದ ದಿನ, ನಾವು ನಿಂತಿದ್ದ ಜಾಗದಲ್ಲಿ ಮರ ಇತ್ತಲ್ಲ?

ಸೂರಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು. ನಾವು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮೆಲ್ಲಗೆ ಹೇಳಿದಳು.

"ಮದಿಯಾಯ್ ಈ ಊರಿಗ್ ಬಂದಲ್ಲಿಂದ ಆ ಹೊಳಿ ಬದಿಗೆ ಹೋತೆ. ಅಲ್ಲಿ ಮರ ಕಂಡಿದಿಲ್ಲೆ. ಅವತ್ತೂ ನೀವಿಬ್ರೂ ಸುಡು ಬಿಸ್ಲಂಗೆ ನಿಂತಿದ್ರಿ. ನೀವ್ ನಂಗೆ ನೆಳ್ಲಿಗೆ ಬನ್ನಿ ಅಂದ್ರಿ. ಎಲ್ಲಿದ್ದಿತ್ ನೆಳ್ಲ್? ನಾ ಎಲ್ಲಿಗೆ ಬಪ್ಪುದ್ ಹೇಳಿ?"

 ಒಳಗೆ ಗಿರಿಜೆ ಪಾತ್ರೆ ಸರಿಸಿದ ಸದ್ದು ಕೇಳಿಸಿತು. ನಾನು ವಕೀಲನ ಹಾಗೆ ಒಂದೊಂದೇ ಪ್ರಶ್ನೆ ಹಾಕಿದೆ. ನನ್ನ ಚೀಲ ಎಲ್ಲಿತ್ತು? ನಿಮ್ಮ ಹೆಗಲಲ್ಲೇ ಇತ್ತು ಎಂದಳು. ನನಗೆ ಅದನ್ನು ಕೊಂಬೆಗೆ ತೂಗುಹಾಕಿದ್ದು ಸ್ಪಷ್ಟವಾಗಿ ನೆನಪಿದೆ. ನಾವು ಏನು ಮಾಡುತ್ತಿದ್ದೆವು? ಕೈ ಮೇಲೆತ್ತಿ ಏನೋ ಮಾಡುತ್ತಿದ್ದಿರಿ, ಪೇಟೆಯವರ ಪೂಜೆಯೋ ಏನೋ ಎಂದುಕೊಂಡೆ, ಕೇಳಿದರೆ ತಪ್ಪಾದೀತು ಎಂದು ಸುಮ್ಮನಿದ್ದೆ ಎಂದಳು. ಹಾಗಾದರೆ ನಾನು ಕೊಟ್ಟ ತೊಗಟೆ? ಅದಕ್ಕೆ ಅವಳು ಅಷ್ಟೇ ಸಹಜವಾಗಿ, ನೀವು ಚೀಲದಿಂದ ತೆಗೆದು ಕೊಟ್ಟಿರಿ ಎಂದಳು.

ಅವಳು ಎದ್ದು ಹೋಗಿ ಒಲೆಯ ಮೇಲಿನ ಅಟ್ಟದಿಂದ ಒಂದು ಸಣ್ಣ ಕಟ್ಟು ತಂದಳು. ಉಳಿದ ತೊಗಟೆ. ಹೊಗೆಗೆ ಕಪ್ಪಾಗಿದ್ದರೂ ಉದ್ದುದ್ದ ಬಿರುಕು ಕಾಣುತ್ತಿತ್ತು. ಪಂಡಿತರು ಚೂರು ಮುರಿದು ನಾಲಿಗೆಗಿಟ್ಟರು. ತಮ್ಮ ಮನೆಯಲ್ಲಿರುವುದೂ ಇದೂ ಒಂದೇ ಎಂದರು. ನನ್ನ ಚೂರಿಯ ಮೊಂಡು ತುದಿ ಮಾಡಿದ ಗೀಚು ಅದರ ಅಂಚಿನಲ್ಲಿ ಇತ್ತು. ಆ ತೊಗಟೆಯನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಹೆದರಿಕೆಯಾಗಲಿಲ್ಲ. ಗಣಿತದ ಲೆಕ್ಕವನ್ನು ಸರಿಯಾಗಿ ಮಾಡಿಯೂ ತಪ್ಪು ಉತ್ತರ ಬಂದಾಗ ಆಗುತ್ತದಲ್ಲ, ಅಂಥ ಒಂದು ಪೆಚ್ಚು ಮಾತ್ರ.

ಹಿಂದಿರುಗುವ ದಾರಿ ಹಿಡಿದೆವು. ಕುಷ್ಟಣ್ಣ ಒಮ್ಮೆ ನಿಂತರು. ಇಷ್ಟು ಹೊತ್ತೂ ತಾನು ಯೋಚಿಸಿ ಯೋಚಿಸಿ ಒಂದು ಮಾತಿಗೆ ಬಂದಿದ್ದೇನೆ ಎಂಬಂತೆ ಹೇಳಿದರು.

"ನಾ ನೂಲ್ ಹಿಡ್ಕಂಡ್ ಮರದ ಹಿಂದ್ ನಿಂತಿದ್ದೆ ಮಾಷ್ಟ್ರೆ. ನಡುವಂಗೆ ಮರ ಇದ್ದಿತ್. ನಂಗೆ ನೀವ್ ಕಾಂಬುಕೆ ಆಯ್ಲಿಲ್ಲೆ. ಅಷ್ಟ್ ನಂಗೆ ಗೊತ್ತಿತ್ತ್."

ಮರ ಅಡ್ಡವಿದ್ದು ನಾನು ಅವರಿಗೆ ಕಾಣಲಿಲ್ಲ ಎಂಬುದಕ್ಕಿಂತ ಹೆಚ್ಚು ಅವರು ಆ ವಿಷಯ ಯಾವತ್ತೂ ಮಾತಾಡಲಿಲ್ಲ. ಕೇಳಿದವರಿಗೂ ಇಷ್ಟೇ ಹೇಳುತ್ತಿದ್ದರಂತೆ.

ಪ್ರೊಫೆಸರರಿಗೆ ಏನು ಬರೆಯುವುದು ಎಂಬುದೇ ನನಗೆ ದೊಡ್ಡ ಕಷ್ಟವಾಯಿತು. ಮರವನ್ನು ಯಾರೋ ಕಡಿದರು ಎಂದು ಬರೆದರೆ ಮುಗಿದುಹೋಗುತ್ತಿತ್ತು. ಮೂರು ಸಲ ಹಾಗೆ ಬರೆದು ಹರಿದುಹಾಕಿದೆ. ಕೊನೆಗೆ, ಎರಡನೆಯ ಸಲ ಹೋದಾಗ ಮರ ಸಿಗಲಿಲ್ಲ, ಬುಡವೂ ಸಿಗಲಿಲ್ಲ, ಸ್ಥಳೀಯರು ಅಲ್ಲಿ ಅಂಥ ಮರವನ್ನು ಕಂಡಿಲ್ಲ ಎನ್ನುತ್ತಾರೆ, ಕಾರಣ ನನಗೆ ತಿಳಿಯದು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರ ಉತ್ತರ ಎರಡೇ ಸಾಲು. ರೆಂಬೆ ನಿಜವಾದದ್ದು, ಆದ್ದರಿಂದ ಇಟ್ಟುಕೊಳ್ಳುತ್ತೇನೆ, ಸ್ಥಳದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ, ಎಂದು. ಬೇಸಗೆಯಲ್ಲಿ ಅವರು ಬರಲಿಲ್ಲ. ನಾನು ಘಟ್ಟದ ಮೇಲಿನಿಂದ ತಂದ ರೆಂಬೆಯನ್ನು ಕೆರಾಡಿಯದೆಂದು ಕಳಿಸಿರಬೇಕು ಎಂದು ಅವರಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಕೆಲವು ದಿನ ತುಂಬ ನೋವಾಯಿತು. ಆಮೇಲೆ, ಸುಳ್ಳು ಬರೆಯದೆ ಉಳಿದೆನಲ್ಲ ಎಂದು ಸಮಾಧಾನವಾಯಿತು.

ಪಂಡಿತರಿಗೆ ಮಾತ್ರ ಇದರಿಂದ ಯಾವ ತಲೆನೋವೂ ಆಗಲಿಲ್ಲ. ಸೂರಕ್ಕ ಉಳಿದ ತೊಗಟೆಯನ್ನು ಅವರಿಗೇ ಕೊಟ್ಟಿದ್ದಳು. ಅದು ಮುಗಿಯುವ ಹೊತ್ತಿಗೆ ಆ ವರ್ಷದ ಜ್ವರವೂ ಇಳಿದಿತ್ತು. ಜ್ವರ ತಾನಾಗಿಯೇ ಬಿಟ್ಟಿತೋ ಕಷಾಯದಿಂದ ಬಿಟ್ಟಿತೋ ಎಂದು ನಾನು ಕೇಳಿದರೆ ಅವರು ನಗುತ್ತಿದ್ದರು.

"ಕಾಯಿಲಿಯವ್ರಿಗೆ ಮದ್ದ್ ಸಿಕ್ಕಿತ್ ಮಾಷ್ಟ್ರೆ. ಅದ್ ಎಲ್ಲಿಂದ ಬಂತ್ ಅಂದ್ ಕೇಂಬುದ್ ನಿಮ್ಮ ಕೆಲ್ಸ, ನಂದಲ್ಲ."

ನಾನು ಕೇಳುತ್ತಲೇ ಬಂದಿದ್ದೇನೆ. ಬಿಸಿಲಿನ ಝಳಕ್ಕೆ ಇಬ್ಬರಿಗೂ ಒಂದೇ ಭ್ರಮೆ ಹಿಡಿದಿರಬಹುದೇ? ಭ್ರಮೆಯಿಂದ ರೆಂಬೆ ಕೊಯ್ಯಲಾಗುವುದಿಲ್ಲ. ಮರ ಬೇರೆಲ್ಲೋ ಇದ್ದು ನಮಗೆ ಜಾಗ ಮರೆತಿರಬಹುದೇ? ಬಾಳೆಎಲೆ ಅಲ್ಲಿ ಬಿದ್ದಿತ್ತು. ಸೂರಕ್ಕ ಸುಳ್ಳು ಹೇಳಿದಳೇ, ಅಥವಾ ಅವಳಿಗೆ ಮರೆವೇ? ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ, ಮರೆತವಳು ನಾನು ಆಡಿದ ಮಾತನ್ನು ಅಕ್ಷರ ಬಿಡದೆ ನೆನಪಿಡುವುದಿಲ್ಲ. ಇನ್ನೊಂದು ಸಣ್ಣ ವಿಷಯವಿದೆ. ಒಂದು ಗಂಟೆ ಬಿಸಿಲಿನಲ್ಲಿ ನಿಂತರೆ ನನ್ನ ಮುಖದ ಚರ್ಮ ಕೆಂಪಾಗಿ ಸುಲಿಯುತ್ತದೆ. ಎರಡನೆಯ ಸಲ ಹೋದಾಗ ಸುಲಿದಿತ್ತು. ಮೊದಲ ಸಲ ಆ ದಿಬ್ಬದ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದೆ, ಏನೂ ಆಗಿರಲಿಲ್ಲ. ಇದನ್ನು ಸಾಕ್ಷಿಯೆಂದು ಯಾರ ಮುಂದೆಯೂ ಇಡಲಾರೆ. ನನ್ನ ಮಟ್ಟಿಗೆ ಮಾತ್ರ ಅದು ಸಾಕ್ಷಿ.

ಕುಂದಾಪುರದಲ್ಲಿ ಇದ್ದಷ್ಟು ಕಾಲವೂ ವರ್ಷಕ್ಕೊಮ್ಮೆ ಆ ತಿರುವಿಗೆ ಹೋಗಿಬರುತ್ತಿದ್ದೆ. ದಿಬ್ಬ ಬರಿದಾಗಿಯೇ ಇರುತ್ತಿತ್ತು. ಸೂರಕ್ಕನ ಮನೆಯಲ್ಲಿ ಮಜ್ಜಿಗೆ ಕುಡಿದು ಹಿಂದಿರುಗುತ್ತಿದ್ದೆ. ಗಿರಿಜೆ ಮದುವೆಯಾಗಿ ಬೈಂದೂರಿಗೆ ಹೋದಳು ಎಂದು ಒಂದು ವರ್ಷ ಕೇಳಿದೆ, ಮರುವರ್ಷ ಅವಳ ಮಗುವನ್ನೂ ನೋಡಿದೆ. ನಂತರ ನನಗೆ ಘಟ್ಟದ ಮೇಲೆ ಕೆಲಸ ಸಿಕ್ಕಿತು.

ಇಲ್ಲಿ ಹೊಳೆದಂಡೆಗಳಲ್ಲಿ ನೀರುವಂಜಿ ಬೇಕಾದಷ್ಟಿದೆ. ವಾಯುವಿಹಾರಕ್ಕೆ ಹೋದಾಗ ದಿನವೂ ಒಂದಲ್ಲ ಒಂದು ಮರ ಕಾಣುತ್ತದೆ. ಕಂಡ ಕೂಡಲೇ ನಾನು ಹತ್ತಿರ ಹೋಗುವುದಿಲ್ಲ. ಬಟ್ಟೆ ಒಗೆಯುವವರೋ ದನ ಮೇಯಿಸುವವರೋ ಯಾರಾದರೂ ಅಲ್ಲಿ ಇದ್ದಾರೆಯೇ ಎಂದು ನೋಡುತ್ತೇನೆ. ಇದ್ದರೆ, ಈ ಮರದ ಹೆಸರೇನು ಎಂದು ಕೇಳುತ್ತೇನೆ. ಕೆಲವರು ಒಂದು ಹೆಸರು ಹೇಳುತ್ತಾರೆ, ಕೆಲವರು ಇನ್ನೊಂದು, ಹೆಚ್ಚಿನವರು ಗೊತ್ತಿಲ್ಲ ಎನ್ನುತ್ತಾರೆ. ಹೆಸರು ನನಗೆ ಬೇಕಾಗಿಲ್ಲ. ಉತ್ತರ ಕೊಡುವ ಮೊದಲು ಅವರು ಒಮ್ಮೆ ತಲೆಯೆತ್ತಿ ಮರವನ್ನು ನೋಡುತ್ತಾರಲ್ಲ, ನನಗೆ ಬೇಕಾದದ್ದು ಅಷ್ಟೇ. ಅವರು ನೋಡಿದ ಮೇಲೆ ನಾನು ಹೋಗಿ ಅದರ ನೆರಳಿನಲ್ಲಿ ಕೂರುತ್ತೇನೆ.